ಎರಡು ಬೆರಳು ಕಬ್ಬಿಣ

ಗಾಳಿಗೆ ಬಡಿಯದಿರಲೆಂದು ನಮ್ಮ ಮನೆಯ ಬಾಗಿಲ ಬುಡಕ್ಕೆ ಒಂದು ಕಬ್ಬಿಣದ ತುಂಡು ಒತ್ತಿ ಇಟ್ಟಿದ್ದೆ. ಎರಡು ಬೆರಳು ಕೂಡಿಸಿದರೆ ಎಷ್ಟು ಅಗಲವೋ ಅಷ್ಟೇ ಉದ್ದ. ಎರಡೂ ತುದಿಗೆ ಗರಗಸದ ಗುರುತಿದೆ. ಬಂದವರೆಲ್ಲ ಅದನ್ನು ದಾಟಿಕೊಂಡು ಒಳಗೆ ಬರುತ್ತಿದ್ದರು, ಏನದು ಎಂದು ಯಾರೂ ಕೇಳಿರಲಿಲ್ಲ. ಮೊನ್ನೆ ಕಾಶಮ್ಮ ಮಾತ್ರ ಎಡವಿದಳು.

"ಹಾಳಾಗ್ಲಿ, ಬಾಗಿಲಾಗ ಏನ್ ಇಟ್ಟೀಯೇ ಚಂದಿ? ಊರ ಮಂದಿ ಕಾಲೆಲ್ಲಾ ಬಿಟ್ಟು ನನ್ನ ಕಾಲೇ ಬೇಕಾಗಿತ್ತೇನು ಇದಕ್ಕ?"

"ಕಾಲು ಎತ್ತಿ ಇಡು."

"ಎತ್ತಿ ಇಡ್ಲಿಕ್ಕ ಬಂದಿದ್ರ ನಿನ್ನ ಮನಿಗ್ಯಾಕ ಬರ್ತಿದ್ದೆ? ಇನ್ನೂ ಚೊಲೋ ಚಹಾ ಸಿಗೋ ಕಡಿ ಹೋಗ್ತಿದ್ದೆ."

ಕಾಶಮ್ಮ ಎಡಗಾಲನ್ನು ಎಳೆದುಕೊಂಡೇ ನಡೆಯುತ್ತಾಳೆ. ಅದಕ್ಕೇ ನೆಲದ ಮೇಲೆ ಬಿದ್ದದ್ದೆಲ್ಲ ಮೊದಲು ಅವಳಿಗೇ ಸಿಗುತ್ತದೆ. ನಾವಿಬ್ಬರೂ ಶಹಾಬಾದಿನ ಪರಸಿ ಖಣಿಯಲ್ಲಿ ಜೊತೆಗೆ ಕಲ್ಲು ಹೊತ್ತವರು. ಪರಸಿ ಎಂದರೆ ನಿಮ್ಮ ಮನೆಯ ನೆಲಕ್ಕೆ ಹಾಸಿರುತ್ತೀರಲ್ಲ, ಆ ಚಪ್ಪಟೆ ಕಲ್ಲು. ಅವಳ ಕಾಲಿನ ವಿಷಯ ಆಮೇಲೆ ಬರುತ್ತದೆ. ಅವಳು ಗೋಡೆಗೆ ಒರಗಿ ಕೂತು ಮೊದಲು ಚಹಾ ಕೇಳಿದಳು, ಆಮೇಲೆ ಈ ತುಂಡು ಎಲ್ಲಿಂದ ಬಂತು ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ, ಹೇಳದೆ ಬಿಟ್ಟದ್ದನ್ನೂ ಸೇರಿಸಿ. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ. ಪರಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದ ಅಳತೆ ಓದಿ ಓದಿ ಕಲಿತೆ. ಸಾಲು ಸೊಟ್ಟಗಿದ್ದರೆ ಕಲ್ಲಿಗೆ ಬೈಯಿರಿ.

ಈ ತುಂಡು ಮೋಟರ್‌ಸೈಕಲ್ಲಿನ ಕಾಲಿನದು.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳೆಲ್ಲ ಗಿಡ್ಡ. ನಮ್ಮವ್ವ ಗಿಡ್ಡ, ನಾನು ಗಿಡ್ಡ, ಮಗನ ಮಗಳು ಸುಜಾತಾ ನನ್ನದೇ ಅಚ್ಚು. ಗಂಡಸರು ಮಾತ್ರ ಜೋಳದ ದಂಟಿನ ಹಾಗೆ ಬೆಳೆದವರು. ನನ್ನ ಗಂಡ ಈ ಮನೆ ಕಟ್ಟಿಸುವಾಗ ಅಡುಗೆ ಕಟ್ಟೆಯನ್ನು ತನ್ನ ಸೊಂಟದ ಅಳತೆಗೆ ಕಟ್ಟಿಸಿದ. "ಇದು ನನ್ನ ಎದಿಗಿ ಬರ್ತದಲ್ಲಾ" ಎಂದೆ. "ಬೆಳೀತೀ ತಗೋ" ಎಂದ. ಆಗಲೇ ನಾನು ಎರಡು ಮಕ್ಕಳ ತಾಯಿ. ಆ ಕಟ್ಟೆಯ ಮೇಲೆ ಅವನು ಸಾಯುವ ತನಕ ಒಂದು ಲೋಟ ನೀರು ಕಾಯಿಸಿದ್ದಿಲ್ಲ. ನಾನು ಇವತ್ತಿಗೂ ಪರಸಿಯ ತುಂಡೊಂದನ್ನು ಕಾಲ ಕೆಳಗೆ ಹಾಕಿಕೊಂಡು ರೊಟ್ಟಿ ಬಡಿಯುತ್ತೇನೆ. ಒಂದು ತುಂಡು ಸವೆದು ನಡುವೆ ತಗ್ಗು ಬಿದ್ದು, ಈಗ ಇರುವುದು ಎರಡನೆಯದು. ಕಟ್ಟೆಯನ್ನು ಒಂದು ಸಾಲು ಕೆಳಗೆ ಇಳಿಸಬಹುದು ಎಂದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅವನೊಬ್ಬನನ್ನೇ ಬೈದರೆ ತಪ್ಪಾಗುತ್ತದೆ.

ಖಣಿಯಲ್ಲಿಯೂ ಹೀಗೇ. ದೊಡ್ಡ ಪರಸಿಯಾದರೆ ಇಬ್ಬರು ಹೊರಬೇಕು. ಒಬ್ಬಳು ಮುಂದೆ, ಒಬ್ಬಳು ಹಿಂದೆ, ಕಲ್ಲು ಇಬ್ಬರ ತಲೆಯ ಮೇಲೆ. ಎತ್ತು ಜೋಡಿಸಿದ ಹಾಗೆ ಎತ್ತರ ನೋಡಿ ಹೆಂಗಸರ ಜೋಡಿ ಮಾಡುತ್ತಿದ್ದರು. ನನ್ನಷ್ಟು ಗಿಡ್ಡ ಇನ್ನೊಬ್ಬಳು ಆ ಖಣಿಯಲ್ಲಿ ಇರಲಿಲ್ಲ. ಕೊನೆಗೆ ಉಳಿದವಳು ಕಾಶಮ್ಮ, ಎಲ್ಲರಿಗಿಂತ ಉದ್ದ. ಅವಳಿಗೂ ಜೋಡಿ ಸಿಕ್ಕಿರಲಿಲ್ಲ. ಅವಳು ಮುಂದೆ ಹೋದರೆ ಹಿಂದಿರುವ ನನ್ನ ಕಡೆಗೆ ಕಲ್ಲು ಜಾರಿ, ಭಾರವೆಲ್ಲ ನನ್ನ ಕತ್ತಿಗೆ ಬೀಳುತ್ತಿತ್ತು. ಅದಕ್ಕೆ ನಾನು ತಲೆಯ ಮೇಲೆ ಒಂದಲ್ಲ, ಮೂರು ಸಿಂಬಿ ಇಡುತ್ತಿದ್ದೆ. ಹಳೆ ಸೀರೆ ಸುತ್ತಿ ಮಾಡಿದ ಸಿಂಬಿ, ಒಂದರ ಮೇಲೊಂದು. ಆಗ ನಾನು ಅವಳ ಎತ್ತರಕ್ಕೆ ಬರುತ್ತಿದ್ದೆ. "ಮೂರು ಸಿಂಬಿ ರಾಣಿ ಬಂದ್ಳು, ದಾರಿ ಬಿಡ್ರಿ" ಎಂದು ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕತ್ತು ಮಾತ್ರ ನಗುತ್ತಿರಲಿಲ್ಲ.

ಹೀಗೆ ಬೆಳೆದವಳಿಗೆ ಸುಜಾತಾ ಒಂದು ದಿನ ಬಂದು, "ಆಯಿ, ಗಾಡಿ ಇಳಿಸಿಕೊಂಡು ಬರ್ತೀನಿ" ಎಂದಳು. ನಾನು ಲಾರಿಯಿಂದ ಇಳಿಸುವುದು ಎಂದುಕೊಂಡೆ.

"ಎಲ್ಲಿಂದ ಇಳಿಸ್ತೀ?"

"ಎಲ್ಲಿಂದಾನೂ ಅಲ್ಲ. ಗಾಡೀನೇ ಗಿಡ್ಡ ಮಾಡಿಸ್ತೀನಿ."

"ಗಾಡಿ ಹ್ಯಾಂಗ ಗಿಡ್ಡ ಆಗ್ತದಬೇ?"

"ಅದೇ ನನಗೂ ಪುರಾ ಗೊತ್ತಿಲ್ಲ. ರಶೀದ್ ಮಿಸ್ತ್ರಿ ಮಾಡ್ತಾನಂತ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮನುಷ್ಯರು ಏರದೆ ಕಬ್ಬಿಣವೇ ಇಳಿಯುತ್ತದೆ ಎಂದರೆ ಅದನ್ನು ಕಣ್ಣಿನಿಂದ ನೋಡಬೇಕು. ನಾನೂ ಬರುತ್ತೇನೆ ಎಂದೆ.

ಸುಜಾತಾಳಿಗೆ ಗಾಡಿ ಯಾಕೆ ಬೇಕು ಎಂದು ಹೇಳಿಬಿಡುತ್ತೇನೆ. ಅವಳು ಚಿತ್ತಾಪುರದ ಕಡೆ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಕಾಗಿಣಾ ಹೊಳೆಯ ದಂಡೆಯ ಹಳ್ಳಿಗಳಿಗೆ ಹೋಗಿ ಆಕಳು, ಎಮ್ಮೆಗಳಿಗೆ ಗರ್ಭ ಕಟ್ಟಿಸುವುದು ಅವಳ ಕೆಲಸ. ಹಿಂದೆ ಹೋರಿ ಹುಡುಕಿಕೊಂಡು ಊರೂರು ಅಲೆಯಬೇಕಿತ್ತು. ಈಗ ಹೋರಿಯ ಬೀಜ ಒಂದು ಡಬ್ಬಿಯಲ್ಲಿ ಬರುತ್ತದೆ. ನೀರು ತರುವ ಕೊಡದಂಥ ಡಬ್ಬಿ, ಒಳಗೆ ಮುಟ್ಟಿದರೆ ಕೈ ಸುಡುವಷ್ಟು ತಂಪಿನ ನೀರು, ಮುಚ್ಚಳ ತೆಗೆದರೆ ಹೊಗೆ. ಹಳ್ಳಿಯವರು ಅದಕ್ಕೆ ಹೋರಿ ಡಬ್ಬಿ ಎನ್ನುತ್ತಾರೆ. ಹುಡುಗಿ ಇಂಥ ಕೆಲಸ ಮಾಡುತ್ತಾಳಲ್ಲ ಎಂದು ನಮ್ಮ ಓಣಿಯಲ್ಲಿ ಮೂಗು ಮುರಿದವರಿದ್ದಾರೆ. ಅವರ ಮನೆಯ ಎಮ್ಮೆ ಬೆದೆಗೆ ಬಂದಾಗ ಮೂಗು ತಾನಾಗಿ ನೆಟ್ಟಗಾಯಿತು.

ಆ ಡಬ್ಬಿ ಮಲಗಬಾರದು. ಮಲಗಿದರೆ ನೀರು ಚೆಲ್ಲಿ ಬೀಜ ಸಾಯುತ್ತದೆ. ಅದನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಎರೆ ಹೊಲದ ದಾರಿಯಲ್ಲಿ ಹೋಗಬೇಕು. ಗೆಳತಿಯ ಸ್ಕೂಟಿ ತಗೊಂಡು ನೋಡಿದಳು, ಸಣ್ಣ ಗಾಲಿಗೆ ಎರೆ ಮಣ್ಣು ಮೆತ್ತಿ ಎರಡು ಸಲ ಹಳ್ಳದಲ್ಲೇ ನಿಂತಿತು. ಮನೆಯಲ್ಲಿ ಅಪ್ಪನ ಮೋಟರ್‌ಸೈಕಲ್ ಇತ್ತು. ನನ್ನ ಮಗ ಈಗ ಫ್ಯಾಕ್ಟರಿ ಬಸ್ಸಿನಲ್ಲಿ ವಾಡಿಗೆ ಹೋಗಿ ಬರುತ್ತಾನೆ, ಗಾಡಿ ಸುಮ್ಮನೆ ನಿಂತಿತ್ತು. ಅವಳು ಓಡಿಸುವುದು ಚೆನ್ನಾಗಿಯೇ ಓಡಿಸುತ್ತಾಳೆ. ನಿಲ್ಲಿಸುವಾಗ ಮಾತ್ರ ಕಾಲು ನೆಲ ಮುಟ್ಟುವುದಿಲ್ಲ, ಬೆರಳ ತುದಿ ಮಾತ್ರ.

ಒಂದು ದಿನ ರೈಲ್ವೆ ಗೇಟು ಹಾಕಿದ್ದರು. ಸುಜಾತಾ ನಿಲ್ಲಿಸಿ ಕಾಲು ಊರಲು ಹೋದ ಕಡೆ ತಗ್ಗಿತ್ತು. ಊರಲು ನೆಲವೇ ಸಿಗಲಿಲ್ಲ. ಅವಳು, ಗಾಡಿ, ಡಬ್ಬಿ ಮೂರೂ ಬಿದ್ದವು. ಡಬ್ಬಿಯಿಂದ ಬಿಳಿ ಹೊಗೆ ಎದ್ದಿತು. ಗೇಟಿನ ಮುಂದೆ ನಿಂತ ಮಂದಿ "ಬಾಂಬು! ಬಾಂಬು!" ಎಂದು ಗಾಡಿ ಬಿಟ್ಟು ಓಡಿದರು. ಒಬ್ಬ ಗೇಟಿನ ಕೆಳಗೇ ನುಸುಳಿ ಆ ಕಡೆ ಹೋದನಂತೆ. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು, ಹೇಳಿ ಮುಗಿದ ಮೇಲೆ ಅತ್ತಳು. ದನದ ಡಾಕ್ಟರ್ ಸಾಹೇಬರು ಅವಳಿಗೆ ಹೇಳಿದ್ದರು: "ಬರೋ ಸೋಮವಾರ ಡಬ್ಬಿ ಕಟ್ಕೊಂಡು ನನ್ನ ಮುಂದ ಗಾಡಿ ತಂದು ನಿಲ್ಸು. ಆಗಂಗಿಲ್ಲಂದ್ರ ದವಾಖಾನಿಯಾಗ ಕುಂತು ರಜಿಸ್ಟರ್ ಬರಿ. ಡಬ್ಬಿ ಬ್ಯಾರೆಯವರಿಗಿ ಕೊಡ್ತೀನಿ."

"ರಜಿಸ್ಟರ್ ಬರೆಯೋದು ಸುಖದ ಕೆಲಸ ಅಲ್ಲೇನು?" ಎಂದೆ.

"ನಿನಗ ನೆಳ್ಳಾಗ ಕುಂದ್ರಿಸಿ ಪರಸಿ ಎಣಿಸು ಅಂದಿದ್ರ ಕುಂದ್ರತಿದ್ದೇನು?" ಎಂದು ತಿರುಗಿ ಕೇಳಿದಳು.

ಖಂಡಿತ ಕೂರುತ್ತಿದ್ದೆ. ಆದರೆ ಅವಳ ಮುಖ ನೋಡಿ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ರಶೀದ್ ಮಿಸ್ತ್ರಿಯ ಅಂಗಡಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ನೆರಳು. ನನಗೆ ಕೂರಲು ಒಂದು ಎಣ್ಣೆ ಡಬ್ಬ ಬೋರಲು ಹಾಕಿಕೊಟ್ಟ.

"ಯಾಕಮ್ಮಾ, ನೀವೂ ಗಾಡಿ ಕಲೀಲಿಕ್ಕ ಬಂದೀರೇನು?"

"ಮೊದಲ ನೀ ಏನ್ ಮಾಡ್ತೀ ನೋಡ್ತೀನಿ. ಆಮ್ಯಾಲ ಕಲೀತೀನಿ."

ಮೊದಲು ಸೀಟು ಬಿಚ್ಚಿದ. ಒಳಗಿನ ಹಳದಿ ಸ್ಪಂಜನ್ನು ಚೂರಿಯಿಂದ ಸವರಿದ. ಮೇಲೆ ಸವರಿದ್ದು ನನಗೆ ತಿಳಿಯಿತು. ಆಮೇಲೆ ಎರಡೂ ಮಗ್ಗುಲು ಸವರತೊಡಗಿದ. ಅದು ಯಾಕೆ ಎಂದು ಕೇಳಿದೆ.

"ಎತ್ತರ ಒಂದೇ ಅಲ್ಲಮ್ಮಾ. ಸೀಟು ಅಗಲ ಇದ್ರ ತೊಡಿ ಅಗಲಾಗ್ತಾವ. ತೊಡಿ ಅಗಲಾದಷ್ಟು ಕಾಲು ಗಿಡ್ಡ ಆಗ್ತಾವ. ಬೇಕಾದ್ರ ಕುಂತು ನೋಡ್ರಿ."

ನಾನು ಡಬ್ಬದ ಮೇಲೆ ಕೂತೇ ನೋಡಿದೆ. ಮೊಣಕಾಲು ಕೂಡಿಸಿದರೆ ಹಿಮ್ಮಡಿ ನೆಲ ಮುಟ್ಟಿತು. ಕುದುರೆ ಹತ್ತಿದ ಹಾಗೆ ಅಗಲಿಸಿದರೆ ಹಿಮ್ಮಡಿ ಎದ್ದಿತು. ಕೂಡಿಸಿದೆ, ಮುಟ್ಟಿತು. ಅಗಲಿಸಿದೆ, ಎದ್ದಿತು. ಈ ವಯಸ್ಸಿನವರೆಗೆ ನನ್ನ ಕಾಲು ನನಗೆ ಈ ಮಾತು ಹೇಳಿರಲಿಲ್ಲ. ನಾಲ್ಕನೆಯ ಸಲ ಅಗಲಿಸುವಾಗ ಸುಜಾತಾ, "ಆಯಿ, ಬಸ್‌ಸ್ಟ್ಯಾಂಡ್ ಮಂದಿ ನೋಡ್ಲಿಕತ್ತಾರ" ಎಂದಳು. ನೋಡಲಿ, ಅವರೂ ಕಲಿಯಲಿ ಎಂದೆ. ಆದರೂ ಸೀರೆ ಸರಿ ಮಾಡಿಕೊಂಡೆ.

ಆಮೇಲೆ ಹಿಂದಿನ ಎರಡು ಸ್ಪ್ರಿಂಗು ತೆಗೆದು ಅದಕ್ಕಿಂತ ಗಿಡ್ಡ ಇರುವ ಬೇರೆ ಜೋಡಿ ಹಾಕಿದ. ಗಾಡಿಯ ಹಿಂಭಾಗ ಎಮ್ಮೆ ಕೂತ ಹಾಗೆ ಕೂತಿತು. ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಅವನು ಮುಂದೆ ಬಂದು ಹ್ಯಾಂಡಲಿನ ಹತ್ತಿರ ಬೋಲ್ಟು ಸಡಿಲಿಸಿ, ಮುಂದಿನ ಎರಡು ಕೊಳವೆಗಳನ್ನು ಒಂದು ಬೆರಳಷ್ಟು ಮೇಲಕ್ಕೆ ಜಾರಿಸಿ ಮತ್ತೆ ಬಿಗಿದ. ಮುಂದಿನ ಭಾಗವೂ ಇಳಿಯಿತು.

"ಹಿಂದ ಒಂದೇ ಇಳಿಸಿದ್ರ ಗಾಡಿ ಮೂತಿ ಮ್ಯಾಲ ಮಾಡ್ತದ ಅಮ್ಮಾ. ತಿರುವ್ಲಿಕ್ಕ ಹೋದ್ರ ಮಾತು ಕೇಳಂಗಿಲ್ಲ."

"ಅದು ನನಗ ಗೊತ್ತದ. ಹಿಂದಿನಾಕಿ ಗಿಡ್ಡ ಇದ್ರ ಭಾರ ಎಲ್ಲಾ ಹಿಂದಿನಾಕಿ ಮ್ಯಾಲೇ."

"ಯಾವ ಹಿಂದಿನಾಕಿ?" ಎಂದು ಮಿಸ್ತ್ರಿ ಗಾಬರಿಯಿಂದ ಹಿಂದೆ ತಿರುಗಿ ನೋಡಿದ.

ಮೂರು ಸಿಂಬಿಯ ಕಥೆ ಹೇಳಿದೆ. ಅವನು ಬೋಲ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿದು ಪೂರಾ ಕೇಳಿ, "ಅರೇ, ಇದು ನಮ್ಮದೇ ಕೆಲಸ ಆತಲ್ಲಾ" ಎಂದ. ಕಾಶಮ್ಮ ಮುಂದೆ ಬಗ್ಗಿದ್ದರೆ ನನಗೆ ಒಂದೇ ಸಿಂಬಿ ಸಾಕಾಗುತ್ತಿತ್ತು ಎಂದು ಆಗ ನನಗೆ ಹೊಳೆಯಿತು. ಆದರೆ ತಲೆಯ ಮೇಲೆ ಕಲ್ಲಿರುವವಳಿಗೆ ಬಗ್ಗು ಎನ್ನುವುದು ಹೇಗೆ?

ಸುಜಾತಾ ಹತ್ತಿ ಕೂತಳು. ಎರಡೂ ಪಾದ, ಹಿಮ್ಮಡಿ ಸಮೇತ, ನೆಲದ ಮೇಲೆ. ಅವಳು ಕೆಳಗೆ ಬಗ್ಗಿ ತನ್ನ ಕಾಲನ್ನು ತಾನೇ ನೋಡಿಕೊಂಡಳು, ಯಾರದೋ ಕಾಲು ಎಂಬ ಹಾಗೆ. ಸ್ಟೇಶನ್ ಕಡೆ ಒಂದು ಸುತ್ತು ಹೋಗಿ ಬಂದಳು, ನಾಲ್ಕು ಕಡೆ ಬೇಕೆಂದೇ ನಿಲ್ಲಿಸಿ ಕಾಲು ಊರಿದಳು. "ಹಂಪ್ ಮ್ಯಾಲ ಜರಾ ಹುಷಾರು" ಎಂದು ಮಿಸ್ತ್ರಿ ಹೇಳಿದ, "ಈಗ ಹೊಟ್ಟಿ ನೆಲಕ್ಕ ಹತ್ರ ಆಗ್ಯದ, ತಾಗ್ತದ." ಆಮೇಲೆ ಎಡಗಡೆಯ ಕಬ್ಬಿಣದ ಕಾಲು, ಅದೇ ಸ್ಟ್ಯಾಂಡು, ಚಾಚಿ ಗಾಡಿ ನಿಲ್ಲಿಸಿ, ಎಲ್ಲರೂ ಚಹಾ ಕುಡಿಯಲು ನಿಂತರು.

ನಾನು ಚಹಾ ಕುಡಿಯಲಿಲ್ಲ. ಗಾಡಿ ನೋಡುತ್ತಿದ್ದೆ. ಅದು ಪೊಲೀಸನ ಹಾಗೆ ನೆಟ್ಟಗೆ ನಿಂತಿತ್ತು.

ಕಾಶಮ್ಮನ ಕಾಲಿನ ವಿಷಯ ಈಗ ಹೇಳಬೇಕು. ಇದನ್ನು ಮೊನ್ನೆ ಅವಳ ಮುಂದೆ ಹೇಳಲಿಲ್ಲ.

ಪರಸಿಯನ್ನು ಗೋಡೆಗೆ ಆನಿಸಿ ನಿಲ್ಲಿಸುವುದಕ್ಕೆ ಒಂದು ರೀತಿ ಇದೆ. ಬುಡ ಗೋಡೆಯಿಂದ ಒಂದು ಗೇಣು ಮುಂದಿರಬೇಕು, ತಲೆ ಗೋಡೆಗೆ ವಾಲಿರಬೇಕು. ವಾಲಿದ ಕಲ್ಲು ವರ್ಷಗಟ್ಟಲೆ ನಿಲ್ಲುತ್ತದೆ. ನೆಟ್ಟಗೆ ಇಟ್ಟ ಕಲ್ಲು ನೋಡಲು ಚೆಂದ, ಆದರೆ ಅದು ನಿಂತದ್ದಲ್ಲ. ಬೀಳಲು ಹೊತ್ತು ನೋಡುತ್ತಿರುತ್ತದೆ. ಒಂದು ದಿನ ಉದ್ದನೆಯ ಪರಸಿ ಒಂದನ್ನು ನಾನು ನಿಲ್ಲಿಸಬೇಕಾಯಿತು. ಅದರ ತಲೆಗೆ ನನ್ನ ಕೈ ನಿಲುಕಲಿಲ್ಲ. ತಲೆ ಹಿಡಿದು ವಾಲಿಸಲು ಆಗದೆ, ಬುಡವನ್ನೇ ಕಾಲಿನಿಂದ ಗೋಡೆಗೆ ತಳ್ಳಿ ನೆಟ್ಟಗೆ ಮಾಡಿ ಬಿಟ್ಟೆ. ಇನ್ನೊಬ್ಬರನ್ನು ಕರೆಯಬಹುದಿತ್ತು. ಗಿಡ್ಡಿ ಎನ್ನುತ್ತಾರೆ ಎಂದು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಲಾರಿ ಹಿಂದಕ್ಕೆ ಸರಿಯುತ್ತ ಬಂತು, ನೆಲ ನಡುಗಿತು, ಕಾಶಮ್ಮ ಅದೇ ಕಡೆಯಿಂದ ಹೊರಟಿದ್ದಳು. ಕಲ್ಲು ಅವಳ ಎಡಪಾದದ ಮೇಲೆ ಬಿತ್ತು. ಅದನ್ನು ನಿಲ್ಲಿಸಿದವರು ಯಾರು ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಾಶಮ್ಮನಿಗೆ ಗೊತ್ತಿಲ್ಲ ಎಂದುಕೊಂಡೇ ಇಷ್ಟು ವರ್ಷ ಅವಳಿಗೆ ಚಹಾ ಕೊಟ್ಟಿದ್ದೇನೆ.

"ಮಿಸ್ತ್ರಿ, ಈ ಗಾಡಿ ಬೀಳ್ತದ" ಎಂದೆ.

"ಅಮ್ಮಾ, ನಾ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ಲಿಕತ್ತೀನಿ."

"ಮಾಡು. ಆದ್ರೂ ಬೀಳ್ತದ."

"ನಿಂತದಲ್ಲಾ ಕಣ್ಣ ಮುಂದ!"

"ನಿಂತಿಲ್ಲದು. ನಿಂತಂಗ ಮಾಡ್ಲಿಕತ್ತದ."

ಸುಜಾತಾ ನಕ್ಕಳು. ಮಿಸ್ತ್ರಿಯೂ ನಕ್ಕ. ಮಾತಿನಿಂದ ತಿಳಿಯದವರಿಗೆ ಏನು ಮಾಡುವುದು? ಎದ್ದು ಹೋಗಿ ಎಡಗಡೆ ನಿಂತು ಪೆಟ್ರೋಲ್ ಟಾಕಿಗೆ ಒಂದು ಬೆರಳು ಇಟ್ಟೆ. ತಳ್ಳಿದೆ ಎಂದು ಅವರು ಹೇಳುತ್ತಾರೆ. ಇಟ್ಟೆ ಅಷ್ಟೇ. ಗಾಡಿ ಬಲಗಡೆಗೆ ಹೊರಳಿ ದಡ್ ಎಂದು ಬಿತ್ತು. ಕನ್ನಡಿ ಚೂರಾಯಿತು, ಬ್ರೇಕಿನ ಕಡ್ಡಿ ಬಗ್ಗಿತು, ಎಣ್ಣೆ ಡಬ್ಬ ಉರುಳಿ ಬಸ್‌ಸ್ಟ್ಯಾಂಡ್ ಕಡೆ ಹೋಯಿತು.

"ಆಯೀ! ನಾಳಿ ಸೋಮವಾರ ಅದ! ಹುಚ್ಚು ಹಿಡೀತೇನು ನಿನಗ?" ಸುಜಾತಾ ಕೂಗಿದ್ದು ಸ್ಟೇಶನ್ನಿಗೆ ಕೇಳಿಸಿರಬೇಕು.

"ನಾಳಿ ಡಬ್ಬಿ ಕಟ್ಟಿದ ಮ್ಯಾಲ ಬೀಳೋದು ಇವತ್ತ ಬಿತ್ತು" ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಮಿಸ್ತ್ರಿ ಚಹಾ ಲೋಟ ಕೆಳಗಿಟ್ಟ. ಗಾಡಿ ಎತ್ತಿದ, ಮತ್ತೆ ಅದೇ ಕಾಲಿನ ಮೇಲೆ ನಿಲ್ಲಿಸಿದ, ತಾನೂ ಒಂದು ಬೆರಳು ಇಟ್ಟು ಸಾವಕಾಶ ನೂಕಿ ನೋಡಿದ. ಗಾಡಿ ಹೊರಟಿತು. ತಟ್ಟನೆ ಹಿಡಿದುಕೊಂಡ. ಕುಕ್ಕುರುಗಾಲಲ್ಲಿ ಕೂತು ಆ ಕಾಲನ್ನು ನೋಡಿದ. ಗಾಡಿ ಇಳಿದಿತ್ತು, ಕಾಲು ಮಾತ್ರ ಹಳೆಯ ಎತ್ತರದ್ದೇ. ಗಾಡಿಯನ್ನು ಎಡಕ್ಕೆ ವಾಲಲು ಅದು ಬಿಡುತ್ತಿರಲಿಲ್ಲ.

"ಯಾ ಅಲ್ಲಾ" ಎಂದ. "ಎಲ್ಲಾರ ಕಾಲು ನೋಡ್ದೆ, ಗಾಡೀದೇ ಮರ್ತೆ."

ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ದು, ಆ ಕಾಲಿನ ನಡುವೆ ಎರಡು ಬೆರಳಷ್ಟು ಕೊಯ್ದು ತೆಗೆದು, ಕೆಳಗಿನ ಪಾದವನ್ನು ಮತ್ತೆ ಬೆಸೆದು ತಂದ. ಕನ್ನಡಿ ಹೊಸದು ಹಾಕಿದ, ಬ್ರೇಕಿನ ಕಡ್ಡಿ ಬಡಿದು ನೆಟ್ಟಗೆ ಮಾಡಿದ. ಈ ಸಲ ಗಾಡಿ ನಿಲ್ಲಿಸಿದಾಗ ಅದು ಸೊಂಟದ ಮೇಲೆ ಕೈ ಇಟ್ಟ ಹೆಂಗಸಿನ ಹಾಗೆ ವಾಲಿ ನಿಂತಿತು. "ಈಗ ಬೆರಳು ಇಡ್ರಿ ಅಮ್ಮಾ" ಎಂದ. ಅಂಗೈ ಇಟ್ಟೆ, ಆಮೇಲೆ ಭುಜ ಇಟ್ಟೆ. ಕದಲಲಿಲ್ಲ. ಕೊಯ್ದ ತುಂಡು ನೆಲದ ಮೇಲೆ ಬಿದ್ದಿತ್ತು. ಇನ್ನೂ ಬಿಸಿ ಇತ್ತು. ಸೆರಗಿನಲ್ಲಿ ಹಿಡಿದು ತಂದೆ.

ಸೋಮವಾರ ಅವಳು ಡಬ್ಬಿ ಕಟ್ಟಿಕೊಂಡು ಹೋದಳು. ನಾನು ಬೇಳೆ ಹಸನು ಮಾಡುತ್ತ ಕೂತೆ. ಕಲ್ಲು ಉಳಿಸಿಕೊಂಡು ಬೇಳೆ ಚೆಲ್ಲುತ್ತಿದ್ದೇನೆ ಎಂದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ಬಂದಳು. ಮೊದಲು ಕೈ ಕಾಲು ತೊಳೆದಳು, ನೀರು ಕುಡಿದಳು. ಅವಳೇ ಶುರು ಮಾಡಿದಳು.

"ಡಾಕ್ಟರ್ ಸಾಹೇಬ್ರು ದಂಡೋತಿ ಆಚೆ ಒಂದು ಕೊಟಗಿ ಮುಂದ ನಿಂತಿದ್ರು. ನಾ ಹೋಗಿ ಗಾಡಿ ನಿಲ್ಸಿದೆ. ಎರಡೂ ಕಾಲು ಊರಿದೆ. ಇಳದು ಸ್ಟ್ಯಾಂಡ್ ಹಾಕಿ ಕೈಗಿ ಗ್ಲೌಸ್ ಹಾಕ್ಕೊಳ್ಳಿಕತ್ತಿದ್ದೆ, ಎಮ್ಮಿ ಹಗ್ಗ ಬಿಚ್ಕೊಂಡು ಬಂದು ಗಾಡಿಗಿ ಮೈ ತಿಕ್ಕಿತು ಆಯಿ."

"ಯಾವ ಕಡಿಂದ?"

"ಎಡಗಡಿಂದ."

"ಮತ್ತ?"

"ಅಳ್ಳಾಡ್ತು. ಬೀಳಲಿಲ್ಲ. ಡಬ್ಬಿನೂ ಜರಾ ಸುದ್ದ ಸರೀಲಿಲ್ಲ."

"ಡಾಕ್ಟರ್ ಏನಂದ?"

"ಗಾಡಿ ಸುತ್ತ ಒಂದು ಸಲ ತಿರುಗಿದ್ರು. ಆಮ್ಯಾಲ ಮಂಗಳವಾರ ಯಾವ ಯಾವ ಊರಿಗಿ ಹೋಗಬೇಕು ಅಂತ ಚೀಟಿ ಬರದು ಕೊಟ್ರು."

ಚೀಟಿ ನನ್ನ ಕೈಗೆ ಕೊಟ್ಟಳು. ಒಂದೊಂದೇ ಅಕ್ಷರ ಕೂಡಿಸಿ ಮೂರೂ ಊರು ಓದಿದೆ. ಅವಳು ಅಲ್ಲಿಯ ತನಕ ಕಾದಳು. ನಿನ್ನೆಯ ಬೈಗುಳಕ್ಕೆ ತಪ್ಪಾಯಿತು ಅನ್ನಲಿಲ್ಲ, ನಾನೂ ಅದನ್ನು ಬಯಸಿರಲಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮೊನ್ನೆ ಕಾಶಮ್ಮನಿಗೆ ಇದನ್ನೆಲ್ಲ ಹೇಳಿದೆ. ಪರಸಿಯ ಮಾತು ಮಾತ್ರ ಬಿಟ್ಟೆ. ಗಾಡಿ ನೆಟ್ಟಗಿತ್ತು, ನನಗೆ ಅನುಮಾನ ಬಂತು, ಒಂದು ಬೆರಳು ಇಟ್ಟೆ, ಬಿತ್ತು ಎಂದಷ್ಟೇ ಹೇಳಿದೆ. "ಬಾಂಬು" ಎಂದು ಓಡಿದವರ ಕಥೆಗೆ ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು. ಡಬ್ಬ ಉರುಳಿದ್ದಕ್ಕೂ ನಕ್ಕಳು. ಬೆರಳಿನ ಮಾತಿಗೆ ನಗಲಿಲ್ಲ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡು, ಬಾಗಿಲ ಬುಡದ ತುಂಡನ್ನು ಒಂದಿಷ್ಟು ಹೊತ್ತು ನೋಡಿದಳು.

"ಆವತ್ತ ಆ ಬೆರಳು ಎಲ್ಲಿತ್ತೇ ಚಂದಿ?" ಎಂದಳು.

ಸಿಟ್ಟಿನಿಂದ ಕೇಳಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವ ಹಾಗೆ ಕೇಳಿದಳು. ನಾನು ಪರಸಿಯ ತುಂಡಿನ ಮೇಲೆ ನಿಂತು ಚಹಾ ಸೋಸುತ್ತಿದ್ದೆ. ಪೂರಾ ಸೋಸಿದೆ.

"ಕೈ ನಿಲುಕಲಿಲ್ಲ ಕಾಶಿ" ಎಂದೆ.

"ಕರೀಬೇಕಿತ್ತು ನನಗ. ನಾ ಉದ್ದ ಇದ್ದೆನಲ್ಲಾ."

"ಹೌದು, ಕರೀಬೇಕಿತ್ತು."

ಚಹಾ ಕುಡಿದಳು. ಸಕ್ಕರೆ ಕಡಿಮೆ ಎಂದು ಬೈದಳು. ಹೋಗುವಾಗ ಅದೇ ತುಂಡಿಗೆ ಮತ್ತೊಮ್ಮೆ ಎಡವಿದಳು.

ಅವಳು ಓಣಿ ತಿರುಗಿದ ಮೇಲೆ ಆ ತುಂಡು ತೆಗೆದು ಹೊಸ್ತಿಲ ಇನ್ನೊಂದು ತುದಿಗೆ, ಅವಳ ಎಡಗಾಲು ಬಾರದ ಕಡೆಗೆ ಇಟ್ಟೆ. ಅಲ್ಲಿಟ್ಟರೆ ಅದು ಬಾಗಿಲನ್ನು ಹಿಡಿಯುವುದಿಲ್ಲ. ಸಣ್ಣ ಗಾಳಿ ಬಂದರೂ ಬಾಗಿಲು ಬಡಿಯುತ್ತದೆ. ಬಡಿಯಲಿ.